ನಾಲ್ಕು ಹಿಂದಕ್ಕೆ, ಒಂದು ಮುಂದಕ್ಕೆ

ಏಯ್, ಯಾರದು ಅಲ್ಲಿ ಬಾಗಿಲಲ್ಲಿ ನಿಂತಿರೋದು! ಮಹಡಿ ಮೇಲಿನವರೇ, ನೀವೂ ಸ್ವಲ್ಪ ಕಿಟಕಿ ತೆಗೀರಿ! ಕೈಲಿರೋ ಕೆಲಸ ಎಲ್ಲೂ ಓಡಿಹೋಗಲ್ಲ. ನಮ್ಮ ದೊಡ್ಡಪ್ಪ ಕಾರಿನ ಗೇರ್‌ಬಾಕ್ಸ್ ಬದಲಾಯಿಸಿದ ಕಥೆ ಹೇಳ್ತೀನಿ, ಕೇಳಿ. ನಕ್ಕು ನಕ್ಕು ಪಕ್ಕೆ ಹಿಡ್ಕೊಂಡ್ರೆ ನಾನು ಜವಾಬ್ದಾರನಲ್ಲ!

ದೊಡ್ಡಪ್ಪನ ಕೆಲಸ ಲಿಫ್ಟ್ ರಿಪೇರಿ. ಎತ್ತರದ ಕಟ್ಟಡಗಳ ಕತ್ತಲೆ ಗುಂಡಿಗಳಲ್ಲಿ, ಹಗ್ಗ, ಗಾಲಿ, ಗ್ರೀಸಿನ ನಡುವೆಯೇ ಅವನ ತಲೆ ನರೆಯಿತು. ನಿವೃತ್ತನಾದ ದಿನ ಮನೆಗೆ ಬಂದು ಚಪ್ಪಲಿ ಬಿಡುತ್ತಲೇ ದೊಡ್ಡಮ್ಮನಿಗೆ ಹೇಳಿದನಂತೆ: "ಜೀವಮಾನವೆಲ್ಲ ಮೇಲೆ ಹೋದೆ, ಕೆಳಗೆ ಬಂದೆ. ಒಂದು ಗೇಣು ಮುಂದಕ್ಕೆ ಹೋಗಲಿಲ್ಲ ಕಣೇ."

ಮುಂದಕ್ಕೆ ಹೋಗಲೆಂದೇ ಅವನು ಕಾರು ಕೊಂಡ. ಅದು ಅವನಷ್ಟೇ ವಯಸ್ಸಿನದು. ಆಮೆಯ ಬೆನ್ನಿನಂತೆ ಗುಂಡಗಿನ ಮೈ, ಹಾಲು ಹೆಚ್ಚಾದ ಕಾಫಿಯ ಬಣ್ಣ, ಇಂಜಿನ್ ಹಿಂದೆ, ಸಾಮಾನು ಇಡುವ ಡಿಕ್ಕಿ ಮುಂದೆ. ದೊಡ್ಡಮ್ಮ ಸೊಂಟಕ್ಕೆ ಕೈ ಕೊಟ್ಟು ಅದರ ಸುತ್ತ ಒಂದು ಸುತ್ತು ಬಂದಳು. "ಮುಂದಿರಬೇಕಾದ್ದು ಹಿಂದಿದೆ, ಹಿಂದಿರಬೇಕಾದ್ದು ಮುಂದಿದೆ. ನಿಮಗೆ ಹೇಳಿ ಮಾಡಿಸಿದ ಹಾಗಿದೆ," ಎಂದಳು.

ಕಾರಿಗೆ ಒಂದೇ ಒಂದು ಊನವಿತ್ತು. ರಿವರ್ಸ್ ಗೇರ್ ಸತ್ತುಹೋಗಿತ್ತು. ಮುಂದಿಟ್ಟ ಹೆಜ್ಜೆ ಹಿಂದಿಡದ ವೀರ ಅದು. ಆದರೆ ನಮ್ಮ ಗಲ್ಲಿಯ ಕೊನೆಯಲ್ಲಿ ಗೋಡೆ ಇದೆ, ಕಾರು ತಿರುಗಿಸಲು ಜಾಗವಿಲ್ಲ. ಸಂಜೆ ಮೂಗು ಒಳಗೆ ಮಾಡಿ ನುಗ್ಗಿಸಿದರೆ ಬೆಳಿಗ್ಗೆ ಹಿಂದಕ್ಕೆ ತಳ್ಳಿಯೇ ಹೊರಗೆ ತರಬೇಕು. ಹಾಗಾಗಿ ಒಂದು ಪದ್ಧತಿ ತಾನಾಗಿ ಬೆಳೆಯಿತು. ಬೆಳಿಗ್ಗೆ ದೊಡ್ಡಪ್ಪ ಎರಡು ಸಲ ಹಾರ್ನ್ ಹೊಡೆಯುತ್ತಾನೆ. ಎದುರು ಮನೆಯ ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿ ತೆಗೆಯದೆಯೇ ಬರುತ್ತಾರೆ. ಪಕ್ಕದ ಬೇಕರಿ ಮಾಮ ತೋಳಿನ ತುಂಬ ಹಿಟ್ಟಿಟ್ಟುಕೊಂಡು ಬರುತ್ತಾನೆ. ಬಾಯಲ್ಲಿ ಹಲ್ಲುಜ್ಜುವ ಬ್ರಷ್ ಕಚ್ಚಿಕೊಂಡೇ ಮಹಡಿಯಿಂದ ಇಳಿಯುವವರೂ ಉಂಟು. ಹತ್ತು ಜನರ ಹುಲ್ಲುಕಡ್ಡಿ, ಒಬ್ಬನ ತಲೆಹೊರೆ. ಹರಟುತ್ತ, ಬೈಯುತ್ತ, ನಿನ್ನೆಯ ಸುದ್ದಿಗೆಲ್ಲ ಉಪ್ಪುಖಾರ ಹಚ್ಚುತ್ತ ಕಾರನ್ನು ಗಲ್ಲಿಯ ಬಾಯಿಗೆ ತಂದು ಬಿಡುತ್ತಿದ್ದರು.

ಹೋದ ತಿಂಗಳು ಬೇಕರಿ ಮಾಮನ ಸೊಂಟ ಹಿಡಿಯಿತು. ದೊಡ್ಡಮ್ಮ ಅವನ ಬೆನ್ನಿಗೆ ಬಿಸಿನೀರಿನ ಚೀಲ ಒತ್ತಿ ಬಂದವಳೇ ಗಂಡನ ಮುಂದೆ ನಿಂತಳು.

"ಊರವರ ಸೊಂಟ ಮುರಿದು ನಾವು ಮೆರೆಯೋದು ಬೇಡ. ಮೂಲೆಯ ಕೆಫೆಯವನು ಕಾರು ಕೇಳಿದಾನೆ."

"ಅವನು ಅದನ್ನ ಮಧ್ಯಕ್ಕೆ ಕೊಯ್ದು ಗಿರಾಕಿಗಳಿಗೆ ಸೋಫಾ ಮಾಡ್ತಾನಂತೆ!"

"ಕೂತವರಿಗೆ ಮೆತ್ತಗಿರುತ್ತೆ ಬಿಡಿ. ಭಾನುವಾರ ಸಂಜೆಯೊಳಗೆ ಈ ಕಾರು ಯಾರೂ ಮುಟ್ಟದೆ ತಾನಾಗಿ ಗಲ್ಲಿಯಿಂದ ಹೊರಗೆ ಬರಬೇಕು. ಬಂತೋ, ಉಳೀತು. ಇಲ್ಲವೋ, ಸೋಮವಾರ ಅದು ಸೋಫಾ."

ದೊಡ್ಡಮ್ಮ ಬಟ್ಟೆ ಹೊಲಿಯುವವಳು. ಅವಳು ಒಮ್ಮೆ ಕತ್ತರಿ ಹಾಕಿದರೆ ಹಾಕಿದ ಹಾಗೆಯೇ.

ದೊಡ್ಡಪ್ಪ ಗುಜರಿಗಳನ್ನೆಲ್ಲ ಸುತ್ತಿ, ಅದೇ ಜಾತಿಯ ಇನ್ನೊಂದು ಮುದಿ ಕಾರಿನ ಗೇರ್‌ಬಾಕ್ಸ್ ಹುಡುಕಿ ತಂದ. ಹಾಗೆಯೇ ಕೂರಿಸಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಲಿಫ್ಟ್ ರಿಪೇರಿಯವನ ಕೈ ಸುಮ್ಮನಿರುತ್ತದೆಯೇ? "ಒಳಗೆ ಏನಿದೆಯೋ ನೋಡದೆ ಹಾಕೋದಾ? ಬಿಚ್ಚಿ, ತೊಳೆದು, ಹೊಸ ಬೇರಿಂಗ್ ಹಾಕಿಯೇ ಕೂರಿಸೋಣ," ಎಂದ. ಮನೆಯಲ್ಲಿ ಅಷ್ಟು ಗಟ್ಟಿಯಾಗಿದ್ದದ್ದು ದೊಡ್ಡಮ್ಮನ ಬಟ್ಟೆ ಕತ್ತರಿಸುವ ಮೇಜು ಒಂದೇ. ಅವಳು ಸಂತೆಗೆ ಹೋದ ಹೊತ್ತು ನೋಡಿ ಅವನೂ ಗಲ್ಲಿಯವರೂ ಸೇರಿ ಅದರ ಮೇಲೆ ಹಳೆ ಕಂಬಳಿ ಹಾಸಿ ಗೇರ್‌ಬಾಕ್ಸ್ ಮಲಗಿಸಿದರು.

ಆ ಡಬ್ಬಿಯ ಹೊಟ್ಟೆಯೊಳಗೆ ತಟ್ಟೆಯಷ್ಟಗಲದ ಒಂದು ಹಲ್ಲುಚಕ್ರ ಇರುತ್ತದೆ. ಇಂಜಿನ್ನಿನ ತಿರುಗುವಿಕೆಯನ್ನು ಗಾಲಿಗಳಿಗೆ ದಾಟಿಸುವುದು ಅದೇ. ಬಿಚ್ಚುವಾಗ ದೊಡ್ಡಪ್ಪ ಎಲ್ಲರೂ ಕೇಳುವಂತೆ ಹೇಳಿದ: "ದೊಡ್ಡ ಚಕ್ರ ಕಿಟಕಿ ಕಡೆ. ನೆನಪಿಟ್ಕೊಳ್ಳಿ, ಕಿಟಕಿ ಕಡೆ!" ಗಡಿಯಾರದವರು ತಮ್ಮ ಸಣ್ಣ ಚಿಮಟ ಹಿಡಿದು, ಒಂದೊಂದು ಹಲ್ಲನ್ನೂ ಭೂತಗನ್ನಡಿಯಲ್ಲಿ ಪರೀಕ್ಷಿಸಿ ಒರೆಸಿಕೊಟ್ಟರು. ನಡುವೆ ಡಬ್ಬಿ ಅತ್ತಿತ್ತ ಹೊರಳುತ್ತಿದೆಯೆಂದು ಅದನ್ನು ಬೋರಲು ಹಾಕಿದರು. ಆಮೇಲೆ ಚಕ್ರವನ್ನು ನೆನಪಿಟ್ಟುಕೊಂಡಂತೆ ಕಿಟಕಿ ಕಡೆಗೇ ಕೂರಿಸಿ, ಮುಚ್ಚಿ, ತಿರುಪು ಬಿಗಿದರು.

ಭಾನುವಾರ ಮಧ್ಯಾಹ್ನದ ಹೊತ್ತಿಗೆ ಹೊಸ ಗೇರ್‌ಬಾಕ್ಸ್ ಕಾರಿನೊಳಗಿತ್ತು, ಇಂಜಿನ್ನೂ ಸ್ವಸ್ಥಾನಕ್ಕೆ ಮರಳಿತ್ತು. ಗಲ್ಲಿಯವರೆಲ್ಲ ಬಾಗಿಲಲ್ಲಿ ಸೇರಿದರು. ಬೇಕರಿ ಮಾಮ ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಕುರ್ಚಿ ಹಾಕಿಸಿಕೊಂಡ. ಕೆಫೆಯವನು ಅಳತೆ ಟೇಪು ಹಿಡಿದು ಒಂದು ದಿನ ಮುಂಚೆಯೇ ಹಾಜರಾಗಿ, ಎಲ್ಲಿ ಕೊಯ್ಯಬೇಕೆಂದು ಕಾರಿನ ಬಾಗಿಲನ್ನು ಅಳೆಯುತ್ತಿದ್ದ.

ದೊಡ್ಡಪ್ಪ ತಲೆ ಬಾಚಿಕೊಂಡು ಬಂದು ಕೂತ. ಇಂಜಿನ್ ಗುರ್ ಎಂದಿತು. ರಿವರ್ಸ್ ಹಾಕಿ ಕ್ಲಚ್ ಬಿಟ್ಟ. ಕಾರು ಮುಂದಕ್ಕೆ ಹೋಗಿ ಗೋಡೆಗೆ ಮೂಗು ಮುಟ್ಟಿಸಿ ನಿಂತಿತು.

ದೊಡ್ಡಪ್ಪ ಬೆವರೊರೆಸಿಕೊಂಡು ಮೊದಲನೇ ಗೇರ್ ಹಾಕಿದ. ಕಾರು ಹಿಂದಕ್ಕೆ ಹೊರಟಿತು. ಎರಡನೆಯದು ಹಾಕಿದ, ಇನ್ನೂ ಜೋರಾಗಿ ಹಿಂದಕ್ಕೆ! ಅವನು ಕತ್ತು ತಿರುಗಿಸಿಕೊಂಡು, ಬಾಯಿ ಬಿಟ್ಟುಕೊಂಡು, ಬಾಣದಂತೆ ಗಲ್ಲಿಯಿಂದ ಹೊರಗೆ ಹೋದ.

ಗಲ್ಲಿಗೆ ಗಲ್ಲಿಯೇ ನೆಲಕ್ಕೆ ಬಿದ್ದು ನಕ್ಕಿತು. "ಅಯ್ಯೋ ನಗಿಸಬೇಡ್ರೋ, ಸೊಂಟ, ಸೊಂಟ!" ಎಂದು ಬೇಕರಿ ಮಾಮ ಕುರ್ಚಿಯಲ್ಲೇ ನುಲಿದ. "ನಾನು ರಿಪೇರಿ ಮಾಡಿದ ಗಡಿಯಾರ ಒಂದೂ ಹಿಂದಕ್ಕೆ ಓಡಿಲ್ಲ ಸ್ವಾಮಿ, ಇದು ನಿಮ್ಮ ಕೈಗುಣ," ಎಂದು ಗಡಿಯಾರದವರು ಮೆಲ್ಲಗೆ ಜಾರಿಕೊಂಡರು.

ದೊಡ್ಡಪ್ಪ ಸೋಲೊಪ್ಪಲಿಲ್ಲ. ಕಾರಿನ ಕಿಟಕಿಯಿಂದ ತಲೆ ಹೊರಹಾಕಿ ದೊಡ್ಡಮ್ಮನಿಗೆ ಕೂಗಿದ. "ನೀನೇನು ಹೇಳಿದ್ದು? ಯಾರೂ ಮುಟ್ಟದೆ ಗಲ್ಲಿಯಿಂದ ಹೊರಗೆ ಬರಬೇಕು ಅಂತ ತಾನೇ? ಬಂತಲ್ಲ!"

"ಬಂತು. ಇನ್ಮೇಲೆ ತರಕಾರಿ ತರೋಕೂ ಹಿಮ್ಮುಖವಾಗಿಯೇ ಹೋಗ್ತೀರಾ?"

"ಮುಂದಕ್ಕೂ ಒಂದು ಗೇರ್ ಇದೆಯಲ್ಲ."

"ಆ ಗೇರಲ್ಲಿ ನೀವು ಸಂತೆಗೆ ಹೋಗಿ ಬರೋಷ್ಟರಲ್ಲಿ ಕೊಂಡ ಸೊಪ್ಪು ಬೀಜ ಬಿಟ್ಟಿರುತ್ತೆ!"

ಕೆಫೆಯವನು ಗಂಟಲು ಸರಿಮಾಡಿಕೊಂಡ. "ಅಮ್ಮಾ, ಹಾಗಾದ್ರೆ ನಾಳೆ ಗಾಡಿ ತರಲಾ?"

ದೊಡ್ಡಪ್ಪನ ಮುಖ ಬಾಡಿತು. ಅಷ್ಟು ಹೊತ್ತು ನಗುತ್ತಿದ್ದವರೆಲ್ಲ ಚಪ್ಪಲಿ ನೋಡಿಕೊಂಡು ನಿಂತರು. ದೊಡ್ಡಮ್ಮ ಗಂಡನ ಮುಖವನ್ನೇ ನೋಡಿದಳು. ಆಮೇಲೆ ಕೆಫೆಯವನ ಕಡೆ ತಿರುಗಿ, "ಸಂಜೆ ಇನ್ನೂ ಆಗಿಲ್ಲವಲ್ಲಪ್ಪಾ," ಎಂದಳು. ಗಂಡನನ್ನು ಕೇಳಿದಳು:

"ನನ್ನ ಮೇಜಿನ ಮೇಲೆ ಮಾಡಿದ್ದು ತಾನೇ? ಸುಳ್ಳು ಹೇಳಬೇಡಿ, ಗ್ರೀಸಿನ ಕಲೆ ನೋಡಿದೀನಿ. ಬಿಚ್ಚುವಾಗ ಹೇಗೆ ಮಲಗಿಸಿದ್ರಿ?"

"ಅಂಗಾತ. ದೊಡ್ಡ ಚಕ್ರ ಕಿಟಕಿ ಕಡೆ ಇತ್ತು. ಕೂರಿಸಿದ್ದೂ ಕಿಟಕಿ ಕಡೆಗೇ."

"ಕೂರಿಸುವಾಗ?"

"ಆಗ ಬೋರಲು ಹಾಕಿದ್ವಿ, ಹೊರಳ್ತಿತ್ತು ಅಂತ..." ದೊಡ್ಡಪ್ಪ ಹಣೆ ಚಚ್ಚಿಕೊಂಡ.

"ಅಂಗಿ ಮಗುಚಿ ಹಾಕಿದ್ರೆ ಎಡತೋಳು ಬಲಕ್ಕೆ ಬರುತ್ತೆ. ಕಿಟಕಿ ಇದ್ದಲ್ಲೇ ಇತ್ತು, ಮಗುಚಿದ್ದು ಡಬ್ಬಿ. ಬಲಗಡೆ ತೋಳು ಎಡಗಡೆ ಹೊಲಿದಿದೀರಿ, ಬಿಚ್ಚಿ!"

ಅಷ್ಟು ಸಾಕಾಯಿತು. ಚಕ್ರ ಆ ಪಕ್ಕಕ್ಕೆ ಕೂತರೆ ಗಾಲಿ ಮುಂದಕ್ಕೆ, ಈ ಪಕ್ಕಕ್ಕೆ ಕೂತರೆ ಹಿಂದಕ್ಕೆ. ನಾಲ್ಕು ಗೇರು ಮುಂದಕ್ಕೆ, ಒಂದು ಹಿಂದಕ್ಕೆ ಇರಬೇಕಾದ್ದು ತಲೆಕೆಳಗಾಗಿತ್ತು. ಮತ್ತೆ ಜ್ಯಾಕ್ ಬಂತು, ಇಂಜಿನ್ ಇಳಿಯಿತು. ಹಲ್ಲುಜ್ಜುವ ಬ್ರಷ್‌ನವರು ತಿರುಪುಗಳನ್ನು ಟೊಪ್ಪಿಯಲ್ಲಿ ಹಿಡಿದು ನಿಂತರು. ಗಡಿಯಾರದವರು ತಾವಾಗಿ ಚಿಮಟ ತಂದು, ಯಾರ ಕಣ್ಣಿಗೂ ಕಣ್ಣು ಕೊಡದೆ ಮೇಜಿನ ಪಕ್ಕ ಕೂತರು. ಬೇಕರಿ ಮಾಮ ಕುರ್ಚಿಯಿಂದಲೇ ಬನ್ನು ಹಂಚಿಸಿದ. ಬನ್ನಿಗೆಲ್ಲ ಗ್ರೀಸು, ಯಾರಿಗೂ ಚಿಂತೆಯಿಲ್ಲ. ದೊಡ್ಡಮ್ಮ ಬಟ್ಟೆಗೆ ಗೆರೆ ಎಳೆಯುವ ಸೀಮೆಸುಣ್ಣದಿಂದ ಡಬ್ಬಿಯ ಮೇಲೆಯೇ 'ಎಡ' 'ಬಲ' ಎಂದು ಬರೆದಳು. ಕೆಫೆಯವನಿಗೂ ಸುಮ್ಮನೆ ನಿಲ್ಲಲಾಗಲಿಲ್ಲ. ಟೇಪು ಜೇಬಿಗಿಳಿಸಿ ಇಂಜಿನ್ನಿಗೆ ಕೈ ಕೊಟ್ಟ.

ಹೊತ್ತು ಇಳಿಯುವಾಗ ದೊಡ್ಡಪ್ಪ ಮತ್ತೆ ಕೂತ. ಈ ಸಲ ತಲೆ ಬಾಚಿಕೊಂಡಿರಲಿಲ್ಲ. ಮೊದಲನೇ ಗೇರ್, ಮುಂದಕ್ಕೆ. ರಿವರ್ಸ್, ಹಿಂದಕ್ಕೆ, ಬೆಣ್ಣೆಯಲ್ಲಿ ಕೂದಲು ಎಳೆದಂತೆ. ಬಡಾವಣೆಯನ್ನು ಒಂದು ಸುತ್ತು ಹಾಕಿ ಬಂದು, ಗಲ್ಲಿಯ ಬಾಯಲ್ಲಿ ಕಾರನ್ನು ಬಾಲ ಒಳಗೆ ಮಾಡಿ ನಿಲ್ಲಿಸಿದ. ಇನ್ನು ಹಿಮ್ಮುಖವಾಗಿ ಒಳಗೆ ಹೋದರೆ ಬೆಳಿಗ್ಗೆ ನೇರ ಹೊರಡಬಹುದು. ಯಾರೂ ಏಳಬೇಕಿಲ್ಲ, ಯಾರೂ ತಳ್ಳಬೇಕಿಲ್ಲ.

ಜನ ಚಪ್ಪಾಳೆ ತಟ್ಟಿ ಒಬ್ಬೊಬ್ಬರೇ ಒಳಗೆ ಹೋದರು. ಬೇಕರಿ ಮಾಮ ಮಾತ್ರ ಕುರ್ಚಿ ಮಡಚುತ್ತ, "ನಾಳೆಯಿಂದ ಬೆಳಿಗ್ಗೆ ಯಾರನ್ನಪ್ಪಾ ಬೈಯೋದು?" ಎಂದು ಗೊಣಗಿದ.

ದೊಡ್ಡಪ್ಪ ರಿವರ್ಸ್ ಗೇರಿನ ಮೇಲೆ ಕೈ ಇಟ್ಟವನು ಹಾಗೇ ಕೂತಿದ್ದ. ಆಮೇಲೆ ಗೇರ್ ತಪ್ಪಿಸಿ ನ್ಯೂಟ್ರಲ್ ಮಾಡಿದ, ಇಂಜಿನ್ ಆರಿಸಿದ. ಇಳಿದು ಬಂದು ಬೇಕರಿ ಮಾಮನ ಕೈ ಹಿಡಿದು ಪಕ್ಕದ ಸೀಟಿನಲ್ಲಿ ಜೋಪಾನವಾಗಿ ಕೂರಿಸಿದ.

ಬಾಗಿಲಿಂದ ದೊಡ್ಡಮ್ಮ ಕೂಗಿದಳು: "ಏನ್ರೀ, ಮತ್ತೆ ಹೋಯ್ತಾ ಗೇರು?"

"ಇಲ್ಲ ಕಣೇ, ಚೆನ್ನಾಗಿಯೇ ಇದೆ," ಎಂದು, ದೊಡ್ಡಪ್ಪ ಎರಡು ಸಲ ಹಾರ್ನ್ ಹೊಡೆದ.