ಐದನೆಯ ಸದ್ದು

‘ಸುರಂಗ ಹಚ್ಚೀವಿ, ಓಡ್ರಿ’ ಎಂದು ಬಾವಿಯಿಂದ ಮೇಲೇರಿ ಬಂದ ತರುಣ ಕೂಗಿದಾಗ ನಾನು ಓಡಲಿಲ್ಲ. ಕೋಲಾರದ ಕಡೆ ಗಣಿಯಲ್ಲಿ ದುಡಿದ ನನಗೆ ಸುರಂಗವೆಂದರೆ ಮನುಷ್ಯರು ನಡೆದು ಹೋಗುವ ದಾರಿ. ಬಿಳೂರಿನಲ್ಲಿ ಅದು ಬಂಡೆಗೆ ತೂತು ಕೊರೆದು ತುಂಬುವ ಸಿಡಿಮದ್ದು. ಮುದುಕನೊಬ್ಬ ನನ್ನ ರಟ್ಟೆ ಹಿಡಿದು ಎಳೆದೊಯ್ದ. ನಾನು ನಿಂತಿದ್ದ ಜಾಗಕ್ಕೆ ಕಲ್ಲು ಬಂದು ಬಿತ್ತು. ನನ್ನ ಕನ್ನಡ ನನ್ನನ್ನೇ ಕೊಲ್ಲಬಹುದೆಂದು ಮೊದಲ ದಿನವೇ ತಿಳಿಯಿತು.

ಬಿಳೂರನ್ನು ಒಳಗೊಂಡ ಜತ್ತ ಸಂಸ್ಥಾನ ಮುಂಬಯಿ ಪ್ರಾಂತಕ್ಕೆ ಸೇರಿದ ಮರುವರ್ಷ ಅದು. ಮದ್ದಿನ ಕೆಲಸ ಬಲ್ಲವನೆಂದು ಬಾವಿ ತೋಡುವ ತಂಡಕ್ಕೆ ನನ್ನನ್ನು ಮೇಸ್ತ್ರಿಯಾಗಿ ಕರೆಸಿದ್ದರು. ರಟ್ಟೆ ಹಿಡಿದೆಳೆದ ಮುದುಕ ದಸ್ತಗೀರ. ಕೂಗಿದ ತರುಣ ಸಿದ್ದಪ್ಪ. ಸಿದ್ದಪ್ಪನ ಮನೆಯ ಪಡಸಾಲೆಯಲ್ಲೇ ನನ್ನ ವಾಸ. ಮುದ್ದೆ ನುಂಗಿ ಬೆಳೆದ ನನಗೆ ಅವರ ಕಟಕು ರೊಟ್ಟಿ ಅಗಿದು ದವಡೆ ನೋಯುತ್ತಿತ್ತು.

ಗಣಿಯಲ್ಲಿ ಸೈರನ್ ಕೂಗಿದರೆ ಇಳಿಯುತ್ತಿದ್ದೆವು, ಕೂಗಿದರೆ ಏರುತ್ತಿದ್ದೆವು. ಯಾರ ಸ್ವಭಾವ ಹೇಗಿದ್ದರೂ ನಡೆಯುತ್ತಿತ್ತು. ಇಲ್ಲಿ ನಾವು ಮೂವರೇ. ಸಿದ್ದಪ್ಪ ಯೋಚಿಸುವ ಮೊದಲೇ ಕೈ ಹಾಕುವವನು. ದಸ್ತಗೀರನೋ ಹಗ್ಗವನ್ನು ಮೊಳಮೊಳಕ್ಕೂ ಮುಟ್ಟಿ ನೋಡದೆ ಯಾರನ್ನೂ ಇಳಿಯಗೊಡುತ್ತಿರಲಿಲ್ಲ. ದಿನವೂ ಜಗಳ. ಕೆಲಸ ಸಾಗುತ್ತಿಲ್ಲವೆಂದು ಹೊಲದ ಮಾಲಕ ಗೊಣಗಿದಾಗ, ‘ಮುದುಕನನ್ನು ಕೆಲಸದಿಂದ ಬಿಡಿಸೋಣ’ ಎಂದುಬಿಟ್ಟೆ. ಜೀವ ಉಳಿಸಿದವನ ಬಗ್ಗೆ ಆಡಿದ ಮಾತು ಅದು.

ಮರುದಿನ ಮಧ್ಯಾಹ್ನ ಐದು ಸುರಂಗ ಹಚ್ಚಿದೆವು. ಸದ್ದು ನಿಂತು ಹೊಗೆ ಕರಗಿತು. ಸಿದ್ದಪ್ಪ ಹಗ್ಗ ಹಿಡಿದ.

‘ನಾಕ ಸದ್ದ ಆಗ್ಯಾವ,’ ಎಂದ ದಸ್ತಗೀರ.

‘ಎರಡು ಕೂಡೇ ಹಾರಿರಬೇಕು ತಗೋರಿ, ಚಾಚಾ. ನೀರಿನ ಸೆಲಿ ಕಾಣಾಕತ್ತೈತಿ.’

ದಸ್ತಗೀರ ಹಗ್ಗವನ್ನು ಮೇಲೆಳೆದು ಸುತ್ತಿ, ಅದರ ಮೇಲೆಯೇ ಕುಳಿತ. ‘ಇವತ್ತ ಯಾರೂ ಇಳಿಯಾಂಗಿಲ್ಲ.’

‘ಸಾಯಾಕ ಇಷ್ಟು ಅಂಜಾವ್ರು ಈ ಕೆಲಸಕ್ಕ ಯಾಕ ಬರಬೇಕ್ರಿ?’ ಸಿದ್ದಪ್ಪ ನನ್ನತ್ತ ತಿರುಗಿದ. ‘ಮೇಸ್ತ್ರಿ, ನೀವು ಹೇಳ್ರಿ.’

ನಾನು ಮಾಲಕನೊಂದಿಗೆ ಮಾತಿಗೆ ನಿಂತು ಸದ್ದು ಎಣಿಸಿರಲಿಲ್ಲ. ಹಾಗೆಂದು ಒಪ್ಪಿಕೊಳ್ಳಲು ನಾಚಿಕೆಯಾಯಿತು. ‘ಕಾಯೋಣ’ ಎಂದಷ್ಟೇ ಹೇಳಿದೆ. ಸಿದ್ದಪ್ಪ ನೆಲಕ್ಕೆ ಉಗುಳಿ, ಹಗ್ಗವಿಲ್ಲದೆಯೇ ಇಳಿಯಲು ಅಂಚಿನ ಕಲ್ಲಿಗೆ ಕಾಲಿಟ್ಟ. ಅವನ ಅಂಗಿ ಹಿಡಿದೆ, ಹರಿಯಿತು. ಸೊಂಟ ತಬ್ಬಿ ಹಿಂದಕ್ಕೆ ಕೆಡವಿದೆ. ಅವನು ನನ್ನನ್ನು ಒದೆಯುತ್ತಿರುವಾಗಲೇ ನೆಲ ನಡುಗಿ, ಬಾವಿಯಿಂದ ಕಲ್ಲು ಚಿಮ್ಮಿತು.

ದಸ್ತಗೀರ ಎದ್ದು ಬಂದು ಸಿದ್ದಪ್ಪನಿಗೆ ನೀರು ಕೊಟ್ಟ. ಸಂಜೆ ನಾನು ದಸ್ತಗೀರನೆದುರು ತಪ್ಪೊಪ್ಪಿಕೊಂಡೆ: ‘ನಿಮ್ಮನ್ನು ಬಿಡಿಸಲು ಹೇಳಿದ್ದೆ.’

‘ಗೊತ್ತೈತ್ರಿ,’ ಎಂದ. ‘ಮಾಲಕ್ರು ನಿನ್ನೆ ಹೇಳ್ಯಾರ.’

ಎಂಟು ದಿನದ ಮೇಲೆ ನಾನು ತಳದಲ್ಲಿದ್ದಾಗ ಬಾವಿಯ ಮಗ್ಗುಲು ಜರಿದು ಕಲ್ಲುಗಳಡಿ ನನ್ನ ಕಾಲು ಸಿಕ್ಕಿಕೊಂಡಿತು. ಯಾವ ಕಲ್ಲು ಎತ್ತಿದರೆ ಯಾವುದು ಜಾರೀತೆಂದು ದಸ್ತಗೀರ ಮೇಲಿನಿಂದ ನೋಡುತ್ತಲೇ ಇದ್ದ. ಸಿದ್ದಪ್ಪ ನೋಡಲಿಲ್ಲ, ಜಿಗಿದ. ನನ್ನನ್ನು ಎಳೆದು ಬದಿಗೆ ಹಾಕುತ್ತಿದ್ದಂತೆ ಉಳಿದದ್ದೂ ಕುಸಿಯಿತು. ಆಮೇಲೆ ಯಾರನ್ನೂ ಬಿಡಿಸುವ ಮಾತು ಏಳಲಿಲ್ಲ. ಯಾವಾಗ ಇಳಿಯಬೇಕೆಂಬ ತೀರ್ಮಾನ ದಸ್ತಗೀರನದು, ಇಳಿದ ಮೇಲಿನ ಕೆಲಸ ಸಿದ್ದಪ್ಪನದು ಎಂದಾಯಿತು. ಜಗಳ ಮಾತ್ರ ನಿಲ್ಲಲಿಲ್ಲ.

ಗಣಿಯಲ್ಲಿ ಮತ್ತೆ ಜಾಗವಿದೆ, ಬಂದುಬಿಡು ಎಂದು ಅಣ್ಣ ಬರೆದಿದ್ದಾನೆ. ಕಾಗದ ಓದಿ ಹೇಳಿದಾಗ ದಸ್ತಗೀರ, ‘ಮನಿಗೆ ಹೋಗೂದು ಚಲೋ. ತಿರುಗಿ ಬರ್ತೀರೇನ್ರಿ?’ ಎಂದ.

‘ಬರ್ತಾರ ತಗೋರಿ, ಚಾಚಾ,’ ಎಂದ ಸಿದ್ದಪ್ಪ, ನಾನು ಬಾಯಿ ತೆರೆಯುವ ಮೊದಲೇ.

ಬರುತ್ತೇನೆಂದಾಗಲಿ ಬರುವುದಿಲ್ಲವೆಂದಾಗಲಿ ಅಣ್ಣನಿಗೆ ನಾನು ಇನ್ನೂ ಬರೆದಿಲ್ಲ.