ಅಕ್ಕೋರು ಹೂಂ ಅನ್ನದ ಪುಸ್ತಕ

ಅಕ್ಕೋರ ಬಲಗೈ ಹೆಬ್ಬೆರಳು ಮಡಚುತ್ತಿರಲಿಲ್ಲ. ಸೀಮೆಸುಣ್ಣವನ್ನು ತೋರುಬೆರಳು, ನಡುಬೆರಳಿನ ಸಂದಿಯಲ್ಲಿ ಬೀಡಿಯಂತೆ ಹಿಡಿದು ಬರೆಯುತ್ತಿದ್ದರು. ಹಿಂದಿನ ಬೆಂಚಿನವರು ನಕ್ಕರೆ ತಿರುಗದೆಯೇ, "ಕಡ್ಡಿಪೆಟ್ಟಿಗಿ ಐತೇನ್ಲೇ?" ಎನ್ನುತ್ತಿದ್ದರು. ಸಿರುಗುಪ್ಪದ ಹೈಸ್ಕೂಲಿನಲ್ಲಿ ಅವರು ಇತಿಹಾಸ ಕಲಿಸುತ್ತಿದ್ದರು. ನಾನು ಪಕ್ಕದ ಕೋಣೆಯಲ್ಲಿ ಗಣಿತ.

ಜೂನ್ ತಿಂಗಳ ಮೊದಲ ತರಗತಿಯಲ್ಲಿ ಅವರು ಪಾಠ ತೆಗೆಯುತ್ತಿರಲಿಲ್ಲ. ಪುಸ್ತಕದ ಮೊದಲ ಪುಟ ಓದಿಸುತ್ತಿದ್ದರು. "ಯಾರು ಬರದಾರ, ಯಾರು ನೋಡ್ಯಾರ, ಯಾರು ಹೂಂ ಅಂದಾರ, ಮೊದಲು ಅದನ್ನ ಓದ್ರಿ. ರಾಜರು ಎಲ್ಲೂ ಓಡಿಹೋಗಂಗಿಲ್ಲ." ಈ ಪದ್ಧತಿ ಅವರ ತಂದೆಯದು. ಮದರಾಸು ಸರ್ಕಾರವಿದ್ದಾಗ ತಂದೆ ಕುರುಗೋಡಿನಲ್ಲಿ ಮೇಷ್ಟ್ರು. ಆಗ ಪುಸ್ತಕ ಅಚ್ಚು ಹಾಕುವವರು ಖಾಸಗಿಯವರು. ಸರ್ಕಾರದ ಸಮಿತಿ ಓದಿ ಒಪ್ಪಿದವುಗಳಲ್ಲಿ ಒಂದನ್ನು ಶಾಲೆ ಆರಿಸಿಕೊಳ್ಳುತ್ತಿತ್ತು. ಅದೇ ಚೆನ್ನಾಗಿತ್ತಲ್ಲವೇ ಎಂದೆ ಒಮ್ಮೆ.

"ಏನ್ ಚೆಂದ? ಬ್ರಿಟಿಷರನ್ನ ಬೈದ ಬುಕ್ಕಿಗೆ ಮುದ್ರಿ ಬೀಳತಿರಲಿಲ್ಲ. ಈಗ ಬರಸೋನು, ನೋಡೋನು, ಮುದ್ರಿ ಒತ್ತೋನು ಎಲ್ಲಾ ಒಬ್ಬನೇ. ಅಷ್ಟೇ ಫರಕು."

ಇಂಥವರನ್ನು ಬೆಂಗಳೂರಿನ ಪಠ್ಯ ಪರಿಶೀಲನಾ ಸಮಿತಿಗೆ ಸೇರಿಸಿಕೊಂಡರು. ಗಡಿ ಜಿಲ್ಲೆಯಿಂದ ಒಬ್ಬರು ಬೇಕಿತ್ತು, ಅಷ್ಟೇ. ಅಕ್ಕೋರು ಹಟ ಹಿಡಿದು ಒಂದು ಪುಟ ಬರೆದರು. ಭಾಷೆಯ ಮೇಲೆ ರಾಜ್ಯ ಒಡೆದಾಗ ಬಳ್ಳಾರಿ ಯಾರಿಗೆ ಸೇರಬೇಕೆಂದು ಕನ್ನಡದವರು ಹೇಳಿದ್ದೇನು, ತೆಲುಗಿನವರು ಹೇಳಿದ್ದೇನು. ಎರಡೂ ಕಡೆಯ ಮಾತು, ಎದುರುಬದುರು. ಸಭೆ ಒಪ್ಪಿತು. ಅಚ್ಚಾಗಿ ಬಂದಾಗ ತೆಲುಗಿನವರ ಮಾತು ಒಂದಕ್ಷರವೂ ಇರಲಿಲ್ಲ. ಒಪ್ಪಿದವರ ಸಾಲಿನಲ್ಲಿ ಅಕ್ಕೋರ ಹೆಸರು ಮಾತ್ರ ಭದ್ರವಾಗಿತ್ತು. ನಮ್ಮ ಶಾಲೆಯ ಎಷ್ಟೋ ಮಕ್ಕಳ ಮನೆಮಾತು ತೆಲುಗು. "ನಿಮ್ಮ ತಾತ ಬಾಯೇ ತೆಗೀಲಿಲ್ಲ ಅಂತ ಈ ಹುಡುಗ್ರಿಗೆ ನಾ ಹೆಂಗ ಹೇಳಲಿ?" ಎಂದರು.

ಹೆಸರು ತೆಗೆಯಿರಿ ಎಂದು ಬರೆದರು. ಉತ್ತರವಿಲ್ಲ. ಜೂನ್ ಬಂತು. ಎಂದಿನಂತೆ ಮೊದಲ ಪುಟ ಓದಿಸಿದರು. ತಮ್ಮ ಹೆಸರು ಬಂದಾಗ ಓದುವವಳನ್ನು ನಿಲ್ಲಿಸಿ, "ಇದಕ್ಕ ನಾನು ಹೂಂ ಅಂದಿಲ್ಲ. ಮ್ಯಾಲ ಗೀಟು ಎಳೀರಿ" ಎಂದರು. ಇಡೀ ತರಗತಿ ಗೀಟು ಎಳೆಯಿತು.

ವಾರದೊಳಗೆ ಶಿಕ್ಷಣ ಇಲಾಖೆಯ ಅಧಿಕಾರಿ ಬಂದರು. ಸ್ಟಾಫ್ ರೂಮಿನಲ್ಲಿ ನಾನೂ ಇದ್ದೆ.

"ಏನ್ ಮೇಡಂ, ಸರ್ಕಾರಿ ಬುಕ್ಕಿನ ಮ್ಯಾಲ ಗೀಚಸಾಕ ಹತ್ತೀರಂತ?"

"ಗೀಚಿಲ್ರಿ. ನನ್ನ ಹೆಸರು ನಾನು ವಾಪಸ್ ತಗೊಂಡೀನಿ."

"ಹೆಸರು ಬರಲಿ ಅಂತ ಜನ ಕಾಲು ಹಿಡೀತಾರ. ಒಂದು ಕ್ಷಮಾಪಣಿ ಬರದುಕೊಡ್ರಿ, ಮುಗಸೋಣು."

"ಯಾರು ಬರೀಬೇಕ್ರಿ? ನೀವೋ, ನಾನೋ?"

ಅಕ್ಕೋರನ್ನು ರೂಪನಗುಡಿ ಎಂಬ ಹಳ್ಳಿಗೆ ವರ್ಗ ಮಾಡಿದರು. ನಿವೃತ್ತಿಯವರೆಗೂ ಅಲ್ಲಿಯೇ. ಪ್ರತಿ ಮರುಮುದ್ರಣದಲ್ಲೂ ಅವರ ಹೆಸರು ಬಂತು. ಪ್ರತಿ ಜೂನ್‌ನಲ್ಲೂ ಅವರು ಗೀಟು ಎಳೆಸಿದರು. ಮುಂದೆ ನಾನು ಹೆಡ್ಮಿಸ್ಟ್ರೆಸ್ ಆದೆ. ಓದದ ಕಾಗದಕ್ಕೆ ಎಂದೂ ಸಹಿ ಹಾಕಲಿಲ್ಲ. ಅದು ಅವರು ಹಚ್ಚಿದ ಅಭ್ಯಾಸ.

ಆಮೇಲೆ ಸರ್ಕಾರಗಳು ಬದಲಾದವು. ಬಂದವರೆಲ್ಲ ತಮ್ಮದೊಂದು ಸಮಿತಿ ಮಾಡಿದರು. ಒಬ್ಬರು ಸೇರಿಸಿದ್ದನ್ನು ಇನ್ನೊಬ್ಬರು ಕಿತ್ತರು. ಟಿವಿಯಲ್ಲಿ ಕಿರುಚಾಡುವ ಈ ಮಹನೀಯರಲ್ಲಿ ಒಬ್ಬರಾದರೂ ಒಂಬತ್ತನೇ ತರಗತಿಯ ಮುಂದೆ ನಿಂತು, ಮಕ್ಕಳ ಪ್ರಶ್ನೆಗೆ ಉತ್ತರ ಕೊಟ್ಟಿದ್ದಾರೆಯೇ? ಅಕ್ಕೋರ ಆ ಪುಟ ಪೂರ್ತಿಯಾಗಿ ಇವತ್ತಿಗೂ ಬಂದಿಲ್ಲ.

ಹೋದ ತಿಂಗಳು ಅಕ್ಕೋರು ತೀರಿಕೊಂಡರು. ಬಳ್ಳಾರಿಯ ಸಂತಾಪ ಸಭೆಯಲ್ಲಿ ಇಲಾಖೆಯವರೊಬ್ಬರು ಆ ಹಳೆಯ ಪುಸ್ತಕವನ್ನು ಎತ್ತಿ ಹಿಡಿದು, "ಈ ಪಠ್ಯಕ್ಕೆ ಒಪ್ಪಿಗೆ ಕೊಟ್ಟ ತಾಯಿ, ನಮ್ಮ ಜಿಲ್ಲೆಯ ಹೆಮ್ಮೆ" ಎಂದರು.

ನಾನು ಎದ್ದು ನಿಂತೆ. "ಕೊಟ್ಟಿಲ್ರಿ."

"ಕುಂದ್ರರಿ ಮೇಡಂ, ಇದು ಆ ಮಾತಿಗೆ ಹೊತ್ತಲ್ಲ."

ನಾನು ಕೂರಲಿಲ್ಲ. ನಡೆದದ್ದನ್ನು ಮೊದಲಿನಿಂದ ಹೇಳತೊಡಗಿದೆ. ಅವರು ಅವಸರವಸರವಾಗಿ ಮೌನಾಚರಣೆ ಎಂದು ಸಾರಿದರು. ಎಲ್ಲರೂ ಎದ್ದು ತಲೆ ತಗ್ಗಿಸಿದರು. ಆ ಮೌನದಲ್ಲಿ ನನ್ನ ಮಾತು ಕೊನೆಯ ಸಾಲಿನವರೆಗೂ ಚೆನ್ನಾಗಿ ಕೇಳಿಸಿತು.