ಹಡಗಿನ ಮೇಲಿನ ಪಂಕ್ತಿ

ಇಳಕಲ್ಲಿನಿಂದ ಮುಂಬಯಿಗೆ ಹೋಗುವವರು ಬಾಗಲಕೋಟೆಯಲ್ಲಿ ರೈಲು ಹತ್ತಿ, ಸೊಲ್ಲಾಪುರ, ಪುಣೆ ದಾಟಿ ನೆಟ್ಟಗೆ ಹೋಗುತ್ತಾರೆ. ನನ್ನ ಮಾವನೂ ಸೀರೆ ವ್ಯಾಪಾರಕ್ಕೆ ಪ್ರತಿ ವರ್ಷ ಹಾಗೆಯೇ ಹೋಗಿ ಬರುತ್ತಿದ್ದರು. ಅಂಥವರು ಆ ವರ್ಷ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಬಾದಾಮಿಯಿಂದ ಹುಬ್ಬಳ್ಳಿಗೆ, ಅಲ್ಲಿಂದ ಗೋವೆಯ ಮುರಗಾವಿಗೆ ಹೋಗಿ, ಆಗಬೋಟಿ ಹತ್ತಿ ಸಮುದ್ರದ ಮೇಲೆ ಮುಂಬಯಿಗೆ ಹೊರಟಾಗ ಊರಿಗೆ ಊರೇ ನಕ್ಕಿತು. ಇಪ್ಪತ್ತನೆಯ ಶತಮಾನ ಶುರುವಾಗಿ ಇನ್ನೂ ಹೆಚ್ಚು ವರ್ಷಗಳಾಗಿರಲಿಲ್ಲ. ಸುಮ್ಮನೆ ನೋಡಿ ಬರಲು ಹಡಗು ಹತ್ತುವ ಮಂದಿಯನ್ನು ನಮ್ಮ ಕಡೆ ಯಾರೂ ಕಂಡಿರಲಿಲ್ಲ.

ಇದೆಲ್ಲ ಅತ್ತೆಯ ಹಟ. "ವರ್ಷಾ ವರ್ಷಾ ಬಂದು ಸಮುದ್ರದ ಕತಿ ಹೇಳ್ತೀರಿ. ಒಂದ್ಸಲ ತೋರಸ್ರಿ. ಸತ್ತ ಮ್ಯಾಲೆ ತೋರಸ್ತೀರೇನು?" ಎಂದು ಆಕೆ ಹಿಡಿದ ಪಟ್ಟು ಬಿಡಲಿಲ್ಲ. ಮಾವ ಎಷ್ಟು ಗಟ್ಟಿ ವ್ಯಾಪಾರಿಯೋ ಹೆಂಡತಿಯ ಮುಂದೆ ಅಷ್ಟೇ ಮೆತ್ತಗಿನ ಮನುಷ್ಯ. ಹೋಗುವಾಗ ಹಡಗು, ಬರುವಾಗ ರೈಲು ಎಂದು ಒಪ್ಪಂದವಾಯಿತು. ಜೊತೆಗೆ ಮುಂಬಯಿಯ ಅಂಗಡಿಗಳಿಗೆ ತೋರಿಸಲು ಹೊಸ ಸೀರೆಗಳ ಒಂದು ಗಂಟೂ ಇತ್ತು. ವ್ಯಾಪಾರಿ ಬರಿಗೈಯಲ್ಲಿ ಸಮುದ್ರ ನೋಡಲು ಹೇಗೆ ಹೋದಾನು!

ನಾನು ಆ ಮನೆಯ ಮನೆಅಳಿಯ. ಇದನ್ನು ಹೇಳುವಾಗ ಈ ವಯಸ್ಸಿನಲ್ಲೂ ನನ್ನ ದನಿ ಕೆಳಗಿಳಿಯುತ್ತದೆ. ನನ್ನೂರು ಹುನಗುಂದ ತಾಲೂಕಿನ ಮರೋಳ. ಮಾವನಿಗೆ ಇಬ್ಬರು ಹೆಣ್ಣುಮಕ್ಕಳು, ಗಂಡಿರಲಿಲ್ಲ. ಹಿರಿಯವಳನ್ನು ನನಗೆ ಕೊಟ್ಟು ನನ್ನನ್ನೇ ಮನೆಗೆ ತಂದುಕೊಂಡರು. ಬೇರೆ ಊರಿನಲ್ಲಿರುವ ಅಳಿಯ ಬಂದರೆ ನಮ್ಮ ಕಡೆ ಅವನೊಬ್ಬ ಸಂಸ್ಥಾನಿಕ. ಕಾಲಿಗೆ ನೀರು, ಕೂರಲು ಮಣೆ, ಉಣ್ಣಲು ಬೆಳ್ಳಿ ಗಂಗಾಳ, ಹೋಳಿಗೆಯ ಮೇಲೆ ತುಪ್ಪ, ಪಂಕ್ತಿಯ ಮೊದಲ ಜಾಗ. ಅದೇ ಅಳಿಯ ದಿನಾ ಮನೆಯಲ್ಲೇ ಇದ್ದರೆ? ಅವನಿಗೆ ಮಣೆ ಹಾಕುವವರು ಯಾರು, ದಿನಾ ಹೋಳಿಗೆ ಮಾಡುವವರು ಯಾರು? ಮನೆಗೆ ಬಂದ ವ್ಯಾಪಾರಸ್ಥರಿಗೆ ಬಡಿಸಿ, ಕೈಗೆ ನೀರು ಹಾಕಿ, ಎಲ್ಲರೂ ಎದ್ದ ಮೇಲೆ ನಾನು ಕೂರುತ್ತಿದ್ದೆ. ನೀನು ಕಡೆಗೆ ಕೂರು ಎಂದು ಯಾರೂ ಹೇಳಿರಲಿಲ್ಲ. ಅದು ತಾನಾಗಿಯೇ ಹಾಗೆ ನಡೆದುಕೊಂಡು ಬಂದಿತ್ತು.

ಹೆಂಡತಿಯ ತಂಗಿಯನ್ನು ಬಾಗಲಕೋಟೆಯ ವಕೀಲನಿಗೆ ಕೊಟ್ಟಿದ್ದರು. ನನ್ನ ಷಡ್ಡಕ; ಗಂಡ ಹೆಂಡತಿ ಇಬ್ಬರೂ ಈ ಪ್ರವಾಸಕ್ಕೆ ಜೊತೆಗಿದ್ದರು. ಕೆಟ್ಟ ಮನುಷ್ಯನೇನಲ್ಲ. ಆದರೆ ಅವನು ಬಂದಾಗಲೆಲ್ಲ ಬೆಳ್ಳಿ ಗಂಗಾಳ ಅವನ ಮುಂದೆ, ತುಪ್ಪದ ಗಿಂಡಿ ನನ್ನ ಕೈಯಲ್ಲಿ. ಒಮ್ಮೆ ಪಂಚಮಿಗೆ ಬಂದಿದ್ದಾಗ ನಾನು ಬಡಿಸುವುದನ್ನು ನೋಡಿ ನಾದಿನಿ ತನ್ನ ಅಕ್ಕನಿಗೆ ಖುಷಿಯಿಂದಲೇ ಅಂದಳಂತೆ: "ಮಾಮಾರು ಎಷ್ಟ ಚಂದ ನೀಡ್ತಾರವ್ವಾ! ನಮ್ಮನಿ ಆಳಿಗೆ ಹಿಂಗ ಬರೂದ ಇಲ್ಲ ನೋಡು." ನನ್ನ ಹೆಂಡತಿ ಆ ದಿನ ಉಣ್ಣಲಿಲ್ಲ. ಹೊಟ್ಟೆನೋವು ಎಂದಳು. ಖರೆ ಕಾರಣ ನನಗೆ ಗೊತ್ತಾದದ್ದು ಈ ಪ್ರವಾಸದ ಬುತ್ತಿ ಕಟ್ಟುವಾಗ.

"ಊಟದ ಬಂದೋಬಸ್ತ್ ನೀನ ನೋಡಪಾ" ಎಂದು ಮಾವ ಯಾವ ಯೋಚನೆಯೂ ಇಲ್ಲದೆ ಆ ಕೆಲಸವನ್ನು ನನಗೆ ಒಪ್ಪಿಸಿದ್ದರು. ಹೆಂಡತಿ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ ನನ್ನನ್ನು ಹತ್ತಿರ ಕರೆದಳು.

"ಒಂದ ಮಾತು ಕೇಳ್ತೇನಿ, ಒಲ್ಲೆ ಅನಬ್ಯಾಡ್ರಿ. ಹಡಗದಾಗ ಊಟಕ್ಕ ಎಲ್ಲಾರೂ ಒಮ್ಮೆಲೆ ಕುಂದರೂದು ಅಂತ ಅವ್ವ ಅಂದಾಳ. ತಂಗಿ ಗಂಡನ ಬಾಜೂಕ ನೀವು ಕುಂದ್ರಬೇಕು. ನಡುವ ಏಳಬಾರದು." ಆಗ ಆ ಪಂಚಮಿಯ ಮಾತನ್ನೂ ಹೇಳಿದಳು.

"ಇಷ್ಟನ? ಕುಂದರ್ತೇನಿ ಬಿಡು" ಎಂದು ನಕ್ಕೆ. ನನ್ನ ಕಿವಿಗಳು ಸುಡುತ್ತಿದ್ದವು. ಆಳು ಎಂಬ ಮಾತು ಆಡಿದವಳಿಗೆ ನೆನಪೂ ಇದ್ದಿರಲಿಕ್ಕಿಲ್ಲ. ಕೇಳಿಸಿಕೊಂಡವಳು ಅದನ್ನು ಅಷ್ಟು ತಿಂಗಳು ನುಂಗಿಕೊಂಡು ನನಗೆ ರೊಟ್ಟಿ ಹಾಕಿದ್ದಳು.

ಮುರಗಾವಿನ ಬಂದರಿನಲ್ಲಿ ಆಗಬೋಟಿಯ ಗುಮಾಸ್ತ ಊಟಕ್ಕೆ ಮೂರು ದಾರಿ ತೋರಿಸಿದ. ಮೇಲಿನ ಹಾಲಿನಲ್ಲಿ ಕುರ್ಚಿ, ಮೇಜು, ಪಿಂಗಾಣಿ ತಾಟು. ಇಲ್ಲವೆ ಡೆಕ್ಕಿನ ಮೇಲೆ ಬ್ರಾಹ್ಮಣ ಅಡುಗೆಯವನ ಅನ್ನ ಸಾರು. ಎರಡೂ ಬೇಡವಾದರೆ ನಿಮ್ಮ ಬುತ್ತಿ ನೀವು ಬಿಚ್ಚಿಕೊಳ್ಳಿ. ಷಡ್ಡಕನಿಗೆ ಕುರ್ಚಿಯ ಮೇಲೆ ಮನಸ್ಸು. ಅಲ್ಲಿ ನಾಲ್ಕು ಗೋಡೆ ಇವೆ, ಗೌರವವಾಗಿರುತ್ತದೆ ಎಂದು ಕೋರ್ಟಿನಲ್ಲಿ ವಾದಿಸುವಂತೆ ವಾದಿಸಿದ. ಖರೆ ಹೇಳಬೇಕೆಂದರೆ ನನಗೂ ಆಸೆಯಿತ್ತು. ಕುರ್ಚಿಯ ಮೇಲೆ ಕೂತವನನ್ನು ಏಳಿಸುವುದು ಕಷ್ಟ ಎಂದು ನನ್ನ ಲೆಕ್ಕ.

"ಆ ಮೇಜಿನ ಮ್ಯಾಲೆ ಮೀನೂ ಇಡ್ತಾರ, ಮಾಂಸಾನೂ ಇಡ್ತಾರ" ಎಂದರು ಮಾವ. "ಮತ್ತ ಲಿಂಗ ಇಲ್ಲದವರ ಕೈ ಅಡಗಿ ನಾ ಉಂಡಾಂವಲ್ಲ. ಬುತ್ತಿನ ಛಲೋ."

ಬುತ್ತಿಯೇ ಎಂದು ತೀರ್ಮಾನವಾಯಿತು. ಡೆಕ್ಕಿನ ಒಂದು ಮೂಲೆಯಲ್ಲಿ, ಅಂಚಿನ ಕಟಕಟೆಯ ಹತ್ತಿರ, ಜಾಗ ಹಿಡಿದು ಜಮಖಾನ ಹಾಸಿದೆ. ಯಾರು ಎಲ್ಲಿ ಕೂರಬೇಕೆಂದು ನಾನೇ ನಿಶ್ಚಯಿಸಿದೆ. ಮಾವ, ಅವರ ಬಲಕ್ಕೆ ನಾನು, ನನ್ನ ಬಲಕ್ಕೆ ಷಡ್ಡಕ, ಎದುರಿಗೆ ಹೆಂಗಸರು. ಇದರಲ್ಲಿ ಸಣ್ಣ ರಾಜಕಾರಣವಿತ್ತು. ಹೊರಗಿನ ತುದಿಗೆ ಷಡ್ಡಕನನ್ನು ಹಾಕಿದ್ದೆ. ಏಳುವ ಪ್ರಸಂಗ ಬಂದರೆ ಅವನೇ ಏಳಲಿ. ಬೇಕೆಂದೇ ಮಾಡಿದ್ದೆ.

ಮಧ್ಯಾಹ್ನ ಕಟಿ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಮಾದಲಿ ಎಲ್ಲ ತೆಗೆದಿಟ್ಟಾಗ ಮಾವ ಸುತ್ತ ಕಣ್ಣಾಡಿಸಿ, "ಪರದೆ ಎಲ್ಲಿ?" ಎಂದರು.

ಹೊರಗಿನವರ ದೃಷ್ಟಿ ಬಿದ್ದ ಎಡೆಯನ್ನು ಮಾವ ಮುಟ್ಟುತ್ತಿರಲಿಲ್ಲ. ನಮ್ಮ ಜನರಲ್ಲಿ ಹಳೆಯ ಆಚಾರ ಹಿಡಿದವರು ಆಗ ಹಾಗೇ ಇದ್ದರು. ಲಿಂಗಪೂಜೆ ಮುಗಿಸಿ ಊಟಕ್ಕೆ ಕೂತರೆ ಮನೆಯ ಮುಂಬಾಗಿಲು ಮುಚ್ಚುತ್ತಿತ್ತು. ದಿನಾ ಬಾಗಿಲು ಮುಚ್ಚಿ ಉಣ್ಣುವವರಿಗೆ ಗೋಡೆಯೇ ಇಲ್ಲದ ಊಟದ ಜಾಗ ಹೇಗೆ ಹೊಳೆದೀತು? ನಮಗ್ಯಾರಿಗೂ ಹೊಳೆದಿರಲಿಲ್ಲ. ಪಾತ್ರೆ ಪಡಗ, ಕುಡಿಯುವ ನೀರಿನ ಹಂಡೆ, ಉಪ್ಪಿನಕಾಯಿ ಭರಣಿ ಎಲ್ಲ ಬಂದಿದ್ದವು, ಒಂದು ಪರದೆ ಮಾತ್ರ ಇರಲಿಲ್ಲ.

ಅತ್ತೆ ಸೀರೆಯ ಗಂಟನ್ನೇ ಬಿಚ್ಚಿದಳು. ಕೆಂಪು ರೇಷ್ಮೆಯ ಸೆರಗಿನ ಎರಡು ಹೊಸ ಸೀರೆಗಳನ್ನು ಕಟಕಟೆಯಿಂದ ಒಂದು ಕಂಬಕ್ಕೆ, ಕಂಬದಿಂದ ಇನ್ನೊಂದಕ್ಕೆ ಸುತ್ತಿದೆವು. ಬಣ್ಣದ ಕೋಣೆಯೊಂದು ತಯಾರಾಯಿತು. ಹೆಂಡತಿ ನನ್ನ ಮುಂದೆ ಗಂಗಾಳ ಇಟ್ಟು ಎರಡು ರೊಟ್ಟಿ ಹಾಕಿ, ಒಮ್ಮೆ ನನ್ನ ಮುಖ ನೋಡಿದಳು. ಅಷ್ಟು ಸಂತೋಷದ ಮುಖವನ್ನು ನಾನು ಮದುವೆಯ ದಿನವೂ ಕಂಡಿರಲಿಲ್ಲ.

ಮೊದಲ ತುತ್ತು ಬಾಯಿಗೆ ಹೋಗುವಷ್ಟರಲ್ಲಿ ಗಾಳಿ ಬಂತು. ಹೊರಗಿನ ತುದಿಯ ಗಂಟು ಬಿಚ್ಚಿ ಸೀರೆ ಮೇಲಕ್ಕೆ ಹಾರಿತು. ಹಡಗಿನ ಖಲಾಸಿಯೊಬ್ಬ ಬಗ್ಗಿ ನೋಡಿಕೊಂಡೇ ಹೋದ. ಮಾವನಿಗೆ ಇನ್ನೂ ಬಡಿಸಿರಲಿಲ್ಲ. ಅವರು ಬೇಡ ಎನ್ನುವಂತೆ ಕೈಯನ್ನು ಖಾಲಿ ಗಂಗಾಳದ ಮೇಲೆ ಅಡ್ಡ ಹಿಡಿದು ಕೂತರು. ಸೀರೆಯ ತುದಿ ಷಡ್ಡಕನ ಭುಜಕ್ಕೇ ಬಡಿಯುತ್ತಿತ್ತು. ಅವನು ಅದನ್ನು ಎಡಗೈಯಿಂದ ಸರಿಸಿ ರೊಟ್ಟಿ ಮುರಿಯುತ್ತಿದ್ದ. ಅದನ್ನು ಹಿಡಿಯಬೇಕೆಂದು ಅವನಿಗೆ ತೋಚಲೇ ಇಲ್ಲ. ಯಾಕೆ ತೋಚಬೇಕು? ಅವನು ಅಳಿಯ.

ನಾನು ಎದ್ದೆ.

ಯಾರೂ ಏಳು ಎನ್ನಲಿಲ್ಲ. ಮಾವ ನನ್ನತ್ತ ನೋಡಲೂ ಇಲ್ಲ. ನನ್ನ ಕಾಲುಗಳು ನನ್ನನ್ನು ಕೇಳದೆಯೇ ಎದ್ದವು, ಷಡ್ಡಕನನ್ನು ದಾಟಿ ಹೊರಗೆ ಹೋದವು. ಸೀರೆಯ ತುದಿ ಹಿಡಿದು ಎಳೆದು ನಿಂತೆ. ಒಳಗೆ ಅತ್ತೆ ಮಾವನಿಗೆ ನೀಡಿದ ಸಪ್ಪಳ ಕೇಳಿಸಿತು.

ಆಮೇಲೆ ನಡೆದದ್ದನ್ನು ಬೇರೆಯವರಿಗೆ ಆಗಿದ್ದರೆ ನಾನೇ ಹೇಳಿ ಹೇಳಿ ನಗುತ್ತಿದ್ದೆ. ಹೊಸ ಸೀರೆ ಬಿಚ್ಚಿ ಹಿಡಿದು ಒಬ್ಬ ನಿಂತಿದ್ದಾನೆಂದರೆ ಮಂದಿ ಏನು ತಿಳಿದಾರು? ಡೆಕ್ಕಿನ ಮೇಲೆ ಅಂಗಡಿ ಬಂದಿದೆ ಎಂದು ಸುದ್ದಿಯಾಯಿತು. ಮುಂಬಯಿಯ ಹೆಂಗಸರು ಗುಂಪುಗೂಡಿ ಬಂದು ಸೆರಗು ಮುಟ್ಟಿ ನೋಡಿದರು, ಅಂಚು ಮಡಚಿ ಉಗುರಿನಿಂದ ಕೆರೆದರು. ದಪ್ಪಗಿನ ಹೆಂಗಸೊಬ್ಬಳು ಮರಾಠಿಯಲ್ಲಿ ಬೆಲೆ ಕೇಳಿದಳು. ನಾನು ಅಂಗಡಿಯ ರೂಢಿಯಂತೆ ಬಾಯಿಗೆ ಬಂದ ಬೆಲೆ ಹೇಳಿಯೂ ಬಿಟ್ಟೆ. ಅವಳು ಅರ್ಧಕ್ಕೆ ಕೇಳಿದಳು. ಪರದೆಯ ಒಳಗಿನಿಂದ ಮಾವ ಎರಡು ಸಲ ಕೆಮ್ಮಿದರು. ಅಂಗಡಿಯಲ್ಲಿ ಎರಡು ಕೆಮ್ಮಿನ ಅರ್ಥ ಇಳಿಸಬೇಡ ಎಂದು.

"ಹೋಗಿ ನಿನ್ನ ಧಣಿಯನ್ನು ಕೇಳಿಕೊಂಡು ಬಾ, ಆಳಿನ ಸಂಗಡ ನಾನು ಮಾತಾಡುವುದಿಲ್ಲ" ಎಂದಳು ಆ ಹೆಂಗಸು.

ನಾನು ಅಳಿಯ ಎಂದು ಹೇಳಬಹುದಿತ್ತು. ನಾಲಿಗೆಯ ಮೇಲೆ ಬಂದದ್ದು ಬೇರೆ. "ಧಣೇರು ಊಟಕ್ಕ ಕುಂತಾರ್ರಿ, ಸ್ವಲ್ಪ ತಡೀರಿ" ಎಂದೆ. ಅದೂ ನಯವಾಗಿ, ತಲೆ ಬಗ್ಗಿಸಿ.

ಪರದೆಯೆಂದರೆ ಒಂದು ಪದರ ಬಟ್ಟೆ, ಹೊರಗಿನ ಮಾತೆಲ್ಲ ಒಳಗೆ ಕೇಳಿಸುತ್ತಿತ್ತು. ಒಳಗೆ ಬಳೆಯ ಸದ್ದು ನಿಂತಿತು. ಹೆಂಡತಿ ಬಡಿಸುತ್ತಿದ್ದವಳು ನಿಲ್ಲಿಸಿದ್ದಳು. ಭೂಮಿ ಬಾಯಿ ಬಿಡಬಾರದೇ ಎನ್ನಲು ಅಲ್ಲಿ ಭೂಮಿಯೂ ಇರಲಿಲ್ಲ.

ಎಲ್ಲರೂ ಎದ್ದ ಮೇಲೆ ಅವಳು ನನ್ನ ಗಂಗಾಳವನ್ನು ಹೊರಗೆ ತಂದು ಇಟ್ಟು ಹೋದಳು. ಹಗ್ಗದ ಸುರುಳಿಯ ಹಿಂದೆ ಕೂತು ಉಂಡೆ. ಮಧ್ಯಾಹ್ನವೆಲ್ಲ ಅತ್ತೆ ಸಮುದ್ರ ನೋಡಿ ಚಿಕ್ಕ ಹುಡುಗಿಯ ಹಾಗೆ ಕುಣಿದಾಡಿದಳು. ನಾನು ಹೆಂಡತಿಯ ಕಣ್ಣು ತಪ್ಪಿಸಿಕೊಂಡು ಡೆಕ್ಕಿನ ಈ ತುದಿಯಿಂದ ಆ ತುದಿಗೆ ತಿರುಗಿದೆ. ಹಡಗಿನ ಮೇಲೆ ತಪ್ಪಿಸಿಕೊಳ್ಳಲು ಎಷ್ಟು ಜಾಗ ಇದ್ದೀತು! ತಿರುಗುತ್ತ ಒಂದು ಯುಕ್ತಿ ಮಾಡಿದೆ. ಹೊತ್ತು ಮುಳುಗುವ ಮುಂಚೆ ಅವಳ ಹತ್ತಿರ ಹೋಗಿ, "ಈಗ ಎರಡು ಪಂಕ್ತಿ ಮಾಡೂಣು. ಮೊದಲ ಅವರು ಉಣ್ಲಿ, ನಾ ಪರದೆ ಹಿಡೀತೇನಿ. ಆಮ್ಯಾಲೆ ನಾವಿಬ್ರೂ ಕೂಡೇ ಕುಂದರೂಣು" ಎಂದೆ. ಬಹಳ ಜಾಣ ಏರ್ಪಾಡು ಎಂದು ನನ್ನ ಭಾವನೆ.

"ಅದು ಮನ್ಯಾಗ ದಿನಾ ಆಗ್ತೈತಿ" ಎಂದಳು.

ಸಂಜೆ ಮತ್ತೆ ಜಮಖಾನ, ಮತ್ತೆ ಸೀರೆ. ಗಾಳಿ ಮಧ್ಯಾಹ್ನಕ್ಕಿಂತ ಜೋರಾಗಿತ್ತು. ನಾನು ಮೊದಲೇ ಹೋಗಿ ತುದಿ ಹಿಡಿದು ನಿಂತೆ. ಎಲ್ಲರೂ ಕೂತರು. ಹೆಂಡತಿ ಮಾತ್ರ ಹೊರಗೆ ಬಂದು ನನ್ನ ಪಕ್ಕದಲ್ಲಿ ನಿಂತಳು.

"ಬಾರವಾ, ಕುಂದರು" ಎಂದರು ಮಾವ.

"ನಾ ಹ್ಯಾಂಗ ಕುಂದರ್ಲೆಪ್ಪಾ? ಮಗಳಂತ ಕುಂದರ್ಲೋ, ಆಳಿನ ಹೇಂತಿ ಅಂತ ಕುಂದರ್ಲೋ?"

ಮಾವನ ಮುಖ ಬಿಳಿಚಿತು. ಮಗಳು ಎದುರು ಮಾತಾಡಿದ್ದನ್ನು ಅವರು ಎಂದೂ ಕೇಳಿರಲಿಲ್ಲ. "ನಾ ಅವನ್ನ ಎಬ್ಬಿಸಿದ್ನೇನವಾ?" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದರು.

"ಇಲ್ಲಪ್ಪಾ. ನೀವು ಎಬ್ಬಿಸಲಿಲ್ಲ" ಎಂದವಳು ನನ್ನ ಕಡೆ ತಿರುಗಿದಳು. "ಅವರು ಎಬ್ಬಿಸಿದ್ರ ನಾ ಅವರ ಕೂಡ ಜಗಳಾ ತಗೀತಿದ್ನಿ. ನೀವು ನೀವಾಗೇ ಎದ್ರಿ. ಈಗ ನಾ ಯಾರ ಕೂಡ ಜಗಳಾಡ್ಲಿ, ಹೇಳ್ರಿ."

ಷಡ್ಡಕ, ನಾದಿನಿ, ಅತ್ತೆ, ಅಲ್ಲೇ ಹಾದುಹೋಗುತ್ತಿದ್ದ ಮಂದಿ ಎಲ್ಲರೂ ಕೇಳುತ್ತಿದ್ದರು. ಸೀರೆಯ ತುದಿಯನ್ನು ಬಿಟ್ಟೆ. ಅದು ಪಟಪಟ ಹಾರಿ ಇಡೀ ಡೆಕ್ಕಿಗೆ ನಮ್ಮ ಊಟವನ್ನು ತೋರಿಸಿತು. ಒಳಗೆ ಹೋಗಿ ಷಡ್ಡಕನ ಪಕ್ಕದಲ್ಲಿ ಕೂತೆ. ಷಡ್ಡಕ ತಟ್ಟನೆ ಎದ್ದು ಸೀರೆ ಹಿಡಿಯಲು ಹೋದ. "ಕುಂದರ್ರಿ, ಕುಂದರ್ರಿ" ಎಂದು ಮಾವ ಅವನನ್ನು ತಡೆದರು. ಬಂದ ಅಳಿಯನನ್ನು ಎಬ್ಬಿಸುವ ಮನುಷ್ಯ ಅವರಲ್ಲ.

ಆಮೇಲೆ ತಾವೇ ಎದ್ದರು. "ನನಗ ಹಸಿವಿಲ್ಲ. ನೀವು ಮುಗಸ್ರಿ" ಎಂದು ಕಟಕಟೆಯ ಹತ್ತಿರ ಹೋಗಿ, ನಮಗೆ ಬೆನ್ನು ಮಾಡಿ, ಸಮುದ್ರದ ಕಡೆ ಮುಖ ಹಾಕಿ ಕೂತರು. ಅವರ ಖಾಲಿ ಗಂಗಾಳವನ್ನು ಅತ್ತೆ ಮಗುಚಿ ಹಾಕಿದಳು. ಮುಂಬಯಿ ಮುಟ್ಟಿ ಪರಿಚಯದವರ ಮನೆಯ ಬಾಗಿಲು ಮುಚ್ಚುವವರೆಗೆ ಅವರು ಏನನ್ನೂ ಉಣ್ಣುವುದಿಲ್ಲ ಎಂದು ನಮಗೆಲ್ಲ ಗೊತ್ತಿತ್ತು.

ಪಂಕ್ತಿಯಲ್ಲಿ ಕೂತರೆ ನಾಚಿಕೆ ಹೋಗುತ್ತದೆ ಎಂದು ನಾನೂ ತಿಳಿದಿದ್ದೆ, ಹೆಂಡತಿಯೂ ತಿಳಿದಿದ್ದಳು. ಆ ಮುದಿ ಬೆನ್ನನ್ನು ನೋಡುತ್ತ ರೊಟ್ಟಿ ಮುರಿದೆ. ಎದ್ದು ಹೋಗಿ ಪರದೆ ಹಿಡಿದರೆ ಅವಳ ಮುಖ ನೋಡುವಂತಿಲ್ಲ, ಕೂತರೆ ಅವರ ಬೆನ್ನು ನೋಡುವಂತಿಲ್ಲ. ಹೆಂಡತಿ ಬಾಗಿ ಇನ್ನೊಂದು ರೊಟ್ಟಿ ಹಾಕಿದಳು. ಬೇಡ ಎನ್ನಲು ಧೈರ್ಯ ಸಾಲದೆ ಅದನ್ನೂ ತಿಂದೆ.